ವೀಕ್ಷಣಾ ಪುಸ್ತಕದಲ್ಲಿಲ್ಲದ ಅಂಕಣ

ಕೇಳುಗರಿಗೆ ನಮಸ್ಕಾರ. ಶಿಕ್ಷಕರಾಗಲು ತರಬೇತಿ ಪಡೆಯುತ್ತಿರುವವರು ತರಗತಿಯಲ್ಲಿ ತಮ್ಮ ಭಾವನೆಗಳನ್ನು ಅರಿತುಕೊಳ್ಳುವುದರ ಬಗ್ಗೆ ಇಂದು ಕೆಲವು ಮಾತು.

ಬಿ.ಇಡ್. ಪ್ರಶಿಕ್ಷಣಾರ್ಥಿಯೊಬ್ಬರು ಎಂಟನೆಯ ತರಗತಿಯಲ್ಲಿ ಮೊದಲ ಅಭ್ಯಾಸ ಪಾಠಕ್ಕೆ ನಿಂತಿದ್ದಾರೆ ಎಂದುಕೊಳ್ಳಿ. ಪಾಠಯೋಜನೆ ಅಚ್ಚುಕಟ್ಟಾಗಿದೆ, ಚಾರ್ಟು ಗೋಡೆಯ ಮೇಲಿದೆ, ಕೊನೆಯ ಬೆಂಚಿನಲ್ಲಿ ಮಾರ್ಗದರ್ಶಕರು, ಪಾಠ ಹೇಗಾಯಿತೆಂದು ಬರೆದಿಡುವ ವೀಕ್ಷಣಾ ಪುಸ್ತಕ ಹಿಡಿದು ಕುಳಿತಿದ್ದಾರೆ. ಕಪ್ಪುಹಲಗೆಯತ್ತ ತಿರುಗಿದೊಡನೆ ಬೆನ್ನ ಹಿಂದೆ ಕಿಸಕ್ಕನೆ ಒಂದು ನಗು ಕೇಳುತ್ತದೆ. ಅದು ಯಾರನ್ನು ಕುರಿತ ನಗುವೋ ತಿಳಿಯದು. ಆದರೆ ‘ನನಗೆ ಪಾಠ ಮಾಡಲು ಬರುವುದಿಲ್ಲ’ ಎಂಬ ತೀರ್ಪು ಅಷ್ಟರಲ್ಲೇ ಮನಸ್ಸಿನೊಳಗೆ ಬರೆದಾಗಿರುತ್ತದೆ, ಮುಂದಿನ ಮಾತು ಗದರಿಕೆಯಾಗಿ ಹೊರಬೀಳುತ್ತದೆ.

ಮನುಷ್ಯ ತನ್ನ ಬಗ್ಗೆ ತಾನೇ ಕಟ್ಟಿಕೊಂಡ ತಿಳಿವಳಿಕೆಗೆ ಮನೋವಿಜ್ಞಾನದಲ್ಲಿ ಸ್ವ-ಪರಿಕಲ್ಪನೆ ಎಂದು ಹೆಸರು. ಇದಕ್ಕೆ ಹಲವು ಮುಖಗಳಿವೆ, ಇದರ ಮೇಲ್ನೆಲೆ, ಅಂದರೆ ತನ್ನ ಬಗೆಗಿನ ಒಟ್ಟಾರೆ ತಿಳಿವಳಿಕೆ, ಸುಲಭವಾಗಿ ಅಲುಗದಿದ್ದರೂ ಆಯಾ ಸನ್ನಿವೇಶಕ್ಕೆ ಅಂಟಿದ ಕೆಳನೆಲೆಗಳು ಬೇಗ ಬದಲಾಗುತ್ತವೆ ಎಂಬ ಮಾದರಿಯನ್ನು ಮನೋವಿಜ್ಞಾನಿ ಶಾವೆಲ್ಸನ್ ಮತ್ತು ಸಂಗಡಿಗರು 1976ರಲ್ಲಿ ಮುಂದಿಟ್ಟರು. ಪದವಿಯಲ್ಲಿ ಒಳ್ಳೆಯ ಅಂಕ ಪಡೆದ, ಗೆಳತಿಯರ ನಡುವೆ ಧೈರ್ಯವಾಗಿ ಮಾತಾಡುವ ಹುಡುಗಿ ತರಗತಿಯಲ್ಲಿ ತಡವರಿಸುವುದೇಕೆ ಎಂಬುದು ಇದರಿಂದ ಅರ್ಥವಾಗುತ್ತದೆ. ‘ನಾನು ಶಿಕ್ಷಕಿ’ ಎಂಬ ಮುಖವಿನ್ನೂ ಹಸಿ ಗೋಡೆ. ಬೆರಳು ತಾಗಿದರೂ ಗುರುತು ಉಳಿಯುತ್ತದೆ.

ಸಂವೇಗಾತ್ಮಕ ಬುದ್ಧಿಶಕ್ತಿಯ ಅಗತ್ಯ ಬೀಳುವುದು ಇಲ್ಲಿಯೇ. 1995ರಲ್ಲಿ ಲೇಖಕ ಡೇನಿಯಲ್ ಗೋಲ್‌ಮನ್ ಅವರ ಇದೇ ಹೆಸರಿನ ಪುಸ್ತಕ ಬಂದ ಮೇಲೆ ಈ ಪದ ಯಶಸ್ಸಿನ ಮಂತ್ರದಂತೆ ಬಳಕೆಯಾಗುತ್ತಿದೆ; ನನಗೇನೋ 1990ರಲ್ಲಿ ಮನೋವಿಜ್ಞಾನಿಗಳಾದ ಸಲೋವೆ ಮತ್ತು ಮೇಯರ್ ಕೊಟ್ಟ ಸರಳ ಅರ್ಥವೇ ತರಗತಿಗೆ ಹತ್ತಿರವೆನಿಸುತ್ತದೆ: ತನ್ನ ಮತ್ತು ಇತರರ ಭಾವನೆಗಳನ್ನು ಗಮನಿಸುವುದು, ಒಂದನ್ನು ಇನ್ನೊಂದರಿಂದ ಬೇರ್ಪಡಿಸಿ ಗುರುತಿಸುವುದು, ಆ ತಿಳಿವನ್ನು ಆಲೋಚನೆಗೂ ನಡೆಗೂ ಬಳಸುವುದು. ನಗು ಕೇಳಿದಾಗ ತನಗೆ ಬಂದದ್ದು ಸಿಟ್ಟಲ್ಲ, ನಾಚಿಕೆ ಎಂದು ಗುರುತಿಸಬಲ್ಲ ಪ್ರಶಿಕ್ಷಣಾರ್ಥಿಗೆ ಗದರಿಕೆಯ ಹೊರತು ಬೇರೆ ದಾರಿಯೂ ಕಾಣುತ್ತದೆ: ತುಸು ತಡೆದು ತಿರುಗಿ, ಅದೇ ಬೆಂಚಿಗೆ ಪಾಠದ ಪ್ರಶ್ನೆಯೊಂದನ್ನು ಕೇಳಬಹುದು.

ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ 2014ರ ನಿಯಮಗಳು ಬಿ.ಇಡ್. ಅವಧಿಯನ್ನು ಎರಡು ವರ್ಷಕ್ಕೆ ಏರಿಸಿ, ಶಾಲೆಗಳಲ್ಲಿ 20 ವಾರಗಳ ಅನುಭವವನ್ನು ಕಡ್ಡಾಯಗೊಳಿಸಿದವು. ತನ್ನನ್ನು ತಾನು ಅರಿಯುವುದಕ್ಕೆಂದೇ ಒಂದು ಪತ್ರಿಕೆಯೂ, ಅಂದರೆ ಒಂದು ಕಲಿಕಾ ವಿಷಯವೂ, ಪಠ್ಯಕ್ರಮಕ್ಕೆ ಸೇರಿತು. ಆದರೆ ಆ ಪತ್ರಿಕೆ ಟಿಪ್ಪಣಿ ಬರೆದು ಒಪ್ಪಿಸುವ ಕಡತವಾಗಿಬಿಟ್ಟರೆ, ಬೆನ್ನ ಹಿಂದಿನ ನಗುವಿಗೂ ಅದಕ್ಕೂ ಸಂಬಂಧವೇ ಉಳಿಯುವುದಿಲ್ಲ. ವೀಕ್ಷಣಾ ಪುಸ್ತಕದಲ್ಲಿ ಧ್ವನಿಗೆ, ಪ್ರಶ್ನೆಗಾರಿಕೆಗೆ, ಕಪ್ಪುಹಲಗೆಯ ಬಳಕೆಗೆ ಅಂಕಣಗಳಿರುತ್ತವೆ. ಅವುಗಳ ಕೆಳಗೆ ಇನ್ನೊಂದು ಗೆರೆ ಎಳೆದು, ‘ಯಾವ ಕ್ಷಣದಲ್ಲಿ ಏನನ್ನಿಸಿತು, ಆಗ ಏನು ಮಾಡಿದೆ’ ಎಂಬ ಎರಡು ಸಾಲನ್ನು ಪ್ರಶಿಕ್ಷಣಾರ್ಥಿಯಿಂದಲೇ ಬರೆಸಬಹುದು. ಅದಕ್ಕೆ ಅಂಕ ಮಾತ್ರ ಕೊಡಬಾರದು. ಅಂಕವಿದೆ ಎಂದು ಗೊತ್ತಾದ ದಿನವೇ ಎಲ್ಲರೂ ‘ತುಂಬಾ ಸಂತೋಷವಾಯಿತು’ ಎಂದು ಬರೆಯತೊಡಗುತ್ತಾರೆ.

ನಮಸ್ಕಾರ.