ಒಂದೇ ಬೆಳ್ಳಕ್ಕಿ, ಒಮ್ಮೆ ಸುಣ್ಣ, ಒಮ್ಮೆ ಹೊಗೆ: ಹಾರೋ ಹಕ್ಕಿ ಮತ್ತು ಮೀಟರ್ ಜಗಳ

[ತೆರೆ ಮೇಲೆ: ಅಕ್ಕಪಕ್ಕ ಎರಡು ಫೋಟೊ]

ಈ ಎರಡು ಫೋಟೊ ನೋಡಿ. ರಂಗನತಿಟ್ಟು, ಅದೇ ದೋಣಿ, ಅದೇ ಬೆಳ್ಳಕ್ಕಿ, ನಡುವೆ ಎರಡು ಸೆಕೆಂಡೂ ಇಲ್ಲ. ಎಡಗಡೆ ಹಿಂದೆ ಬಿದಿರುಮೆಳೆ ಇದೆ. ಹಕ್ಕಿ ಸುಣ್ಣ ಬಳಿದ ಹಾಗಿದೆ, ಒಂದು ಗರಿನೂ ಬಿಡಿಯಾಗಿ ಕಾಣಲ್ಲ. ಬಲಗಡೆ ಹಿಂದೆ ಆಕಾಶ. ಅದೇ ಹಕ್ಕಿ ಒಲೆ ಮೇಲೆ ತೂಗುಹಾಕಿದ ಹಾಗೆ ಹೊಗೆ ಹಿಡಿದಿದೆ. ನಿಮ್ಮಲ್ಲಿ ತುಂಬ ಜನ ಕೇಳೋದು ಇದನ್ನೇ: "ಕ್ಯಾಮೆರಾ ಕೆಟ್ಟಿದೆಯಾ ಸಾರ್?"

ಕೆಟ್ಟಿಲ್ಲ. ಅದಕ್ಕೆ ಹೇಳಿದ ಕೆಲಸವನ್ನ ಅದು ನಿಯತ್ತಾಗಿ ಮಾಡಿದೆ. ಕೆಲಸ ಹೇಳಿದ್ದೇ ತಪ್ಪು.

ಅಪರ್ಚರ್ (ಲೆನ್ಸಿನ ಕಿಂಡಿ), ಶಟರ್ (ಬೆಳಕು ಒಳಗೆ ಬೀಳೋ ಹೊತ್ತು), ಐಎಸ್ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಚುರುಕು), ಇವನ್ನ ಇಲ್ಲಿ ಬಿಡಿಸಿ ಹೇಳ್ತಾ ಕೂರಲ್ಲ, ಗೊತ್ತು ಅಂದ್ಕೋತೀನಿ. ಕ್ಯಾಮೆರಾ ಒಳಗೆ ಬೆಳಕು ಅಳೆಯೋ ಮೀಟರ್ ಬಗ್ಗೆ ಒಂದೇ ಮಾತು: ಎದುರಿಗೆ ಕಂಡದ್ದನ್ನೆಲ್ಲ ಕಲಸಿ ನಡುಬೂದಿ ಬಣ್ಣಕ್ಕೆ ತರೋಕೆ ನೋಡುತ್ತೆ. ಫ್ರೇಮ್ ತುಂಬ ಕಪ್ಪು ಮರ ಇದ್ರೆ ಬೆಳಕು ಜಾಸ್ತಿ ಬಿಡುತ್ತೆ, ಬಿಳಿ ಆಕಾಶ ಇದ್ರೆ ಕಡಿಮೆ ಮಾಡುತ್ತೆ. ಫ್ರೇಮಲ್ಲಿ ಹಕ್ಕಿ ಇರೋದು ಅಂಗೈಯಷ್ಟು, ಅದರ ಮಾತು ಯಾರು ಕೇಳ್ತಾರೆ?

[ತೆರೆ ಮೇಲೆ: ಹಗ್ಗದ ಮೇಲೆ ಒಣಗುತ್ತಿರುವ ಪಂಚೆ, ಹಿಂದೆ ಎಮ್ಮೆ]

ಈಗ ನನಗೆ ತುಂಬ ಇಷ್ಟದ ಉದಾಹರಣೆ. ಅಂಗಳದಲ್ಲಿ ಹಗ್ಗದ ಮೇಲೆ ಬಿಳಿ ಪಂಚೆ ಒಣಗ್ತಿದೆ, ಮೇಲೆ ಬಿಸಿಲು. ಪಂಚೆ ಹಿಂದೆ ಒಂದು ಎಮ್ಮೆ ಬಂದು ನಿಂತ್ಕೊಳ್ತು. ಪಂಚೆ ಮೇಲೆ ಬೀಳೋ ಬಿಸಿಲು ಬದಲಾಯ್ತಾ? ಇಲ್ಲ. ಎಮ್ಮೆ ಹೋಯ್ತು, ಹಿಂದೆ ಸುಣ್ಣದ ಗೋಡೆ ಕಾಣಿಸ್ತು. ಈಗ ಬದಲಾಯ್ತಾ? ಇಲ್ಲ. ಆದ್ರೆ ಆಟೊ ಮೋಡಲ್ಲಿರೋ ಕ್ಯಾಮೆರಾ ಎಮ್ಮೆ ಬಂದಾಗ ಒಂದು ಲೆಕ್ಕ, ಗೋಡೆ ಬಂದಾಗ ಇನ್ನೊಂದು ಲೆಕ್ಕ ಹಾಕುತ್ತೆ. ನಮಗೆ ಬೇಕಾದ್ದು ಪಂಚೆ, ಅದು ಲೆಕ್ಕ ಹಾಕೋದು ಎಮ್ಮೆದು! ಸೂರ್ಯ ಇರೋದು ಸುಮಾರು 15 ಕೋಟಿ ಕಿಲೋಮೀಟರ್ ದೂರದಲ್ಲಿ. ಮೆಳೆಯಿಂದ ಆಕಾಶಕ್ಕೆ ಐವತ್ತು ಮೀಟರ್ ಹಾರಿದ ಬೆಳ್ಳಕ್ಕಿ ಸೂರ್ಯನಿಗೇನೂ ಹತ್ತಿರ ಆಗಿಲ್ಲ.

ಅದಕ್ಕೇ ಮ್ಯಾನ್ಯುಯಲ್, ಅಂದ್ರೆ ಲೆಕ್ಕ ನಾವೇ ಹಾಕೋ ಎಂ ಮೋಡ್. ಇಲ್ಲೇ ಅರ್ಧ ಜನ ಎಡವೋದು. ಡಯಲ್ ಎಂ ಮೇಲಿದೆ, ಆದ್ರೆ ಐಎಸ್ಒ ಆಟೊದಲ್ಲೇ ಇದೆ. ಅಂದ್ರೆ ಎಮ್ಮೆ ಲೆಕ್ಕ ಐಎಸ್ಒ ಬಾಗಿಲಿಂದ ವಾಪಸ್ ಒಳಗೆ ಬಂತು. ಮೂರನ್ನೂ ಕಟ್ಟಿಹಾಕಿ.

ಶುರು ಎಲ್ಲಿಂದ? ಮೋಡ ಇಲ್ಲದೆ ಬಿಸಿಲು ಚೆನ್ನಾಗಿ ಏರಿದ ಮೇಲೆ ಐಎಸ್ಒ 400, ಅಪರ್ಚರ್ ಎಫ್ 5.6, ಶಟರ್ 1/3200 ಸೆಕೆಂಡ್. ನಿಮ್ಮ ಜೂಮ್ ಎಫ್ 6.3ಕ್ಕಿಂತ ತೆರೆಯಲ್ಲ ಅಂದ್ರೆ 1/2500. ಬಿಳಿ ಹಕ್ಕಿಗೆ ಇದರಿಂದ ಡಯಲಿನ ಎರಡು ಮೂರು ಕ್ಲಿಕ್ ಬೆಳಕು ಕಡಿಮೆ ಮಾಡಿ, ಎಫ್ 5.6ರಲ್ಲಿ ಅದು 1/5000 ಅಥವಾ 1/6400 ಆಗುತ್ತೆ. ನೀರುಕಾಗೆಯಂಥ ಕಪ್ಪು ಹಕ್ಕಿಗೆ ಅಷ್ಟೇ ಕ್ಲಿಕ್ ಜಾಸ್ತಿ. ಸಾಮಾನ್ಯವಾಗಿ ಮೂರು ಕ್ಲಿಕ್ ಅಂದ್ರೆ ಒಂದು ಸ್ಟಾಪ್, ಅಂದ್ರೆ ಬೆಳಕು ಎರಡರಷ್ಟು ಅಥವಾ ಅರ್ಧ. ಬೆಳಗಿನ ಎಳೆ ಬಿಸಿಲಲ್ಲಿ ಈ ಲೆಕ್ಕ ನಡೆಯಲ್ಲ, ಬೆಳಕು ಕಮ್ಮಿ. ಆಗ ಅದೇ ಬಿಸಿಲಿಗೆ ಅಂಗೈ ಹಿಡಿದು ಸ್ಪಾಟ್ ಮೀಟರಲ್ಲಿ (ಒಂದು ಚಿಕ್ಕ ಜಾಗವನ್ನಷ್ಟೇ ಅಳೆಯೋದು) ನೋಡಿ, ಸೂಜಿಯನ್ನ +1ಕ್ಕೆ ತನ್ನಿ. ಅಂಗೈ ನಡುಬೂದಿಗಿಂತ ಹೆಚ್ಚುಕಡಿಮೆ ಒಂದು ಸ್ಟಾಪ್ ಬೆಳ್ಳಗಿರುತ್ತೆ. ಒಂದು ಫ್ರೇಮ್ ತೆಗೆದು ಪರದೆ ನೋಡಿ, ದೋಣಿ ಹೊರಡೋ ಮುಂಚೆ ಕೆಲಸ ಮುಗೀತು.

[ತೆರೆ ಮೇಲೆ: ಬಣ್ಣದ ಕೊಕ್ಕರೆ, ಬಾಲದ ಹತ್ತಿರಕ್ಕೆ ಜೂಮ್]

ಬಣ್ಣದ ಕೊಕ್ಕರೆ ಒಂದು ಮೋಸ ಮಾಡುತ್ತೆ. ಬಾಲದ ಹತ್ತಿರ ಆ ಗುಲಾಬಿ ಗರಿಗಳಿದಾವಲ್ಲ, ಅಲ್ಲಿ ಕೆಂಪು ಚಾನಲ್ ಮೊದಲು ತುಂಬಿಹೋಗಬಹುದು. ಬಿಳಿ ಹಿಸ್ಟೊಗ್ರಾಮ್ (ಫೋಟೊದಲ್ಲಿ ಬೆಳಕು ಹೇಗೆ ಹಂಚಿದೆ ಅಂತ ತೋರಿಸೋ ನಕ್ಷೆ) ಒಂದನ್ನೇ ನೋಡಿದ್ರೆ ಎಲ್ಲ ಸರಿಯಾಗೇ ಕಾಣುತ್ತೆ. ಮನೆಗೆ ಬಂದು ತೆರೆದ್ರೆ ಗುಲಾಬಿ ಜಾಗದಲ್ಲಿ ಎಳೆಗಳಿಲ್ಲದ ಒಂದು ತೇಪೆ. ಮೂರು ಬಣ್ಣದ ಹಿಸ್ಟೊಗ್ರಾಮ್ ಆನ್ ಮಾಡ್ಕೊಳ್ಳಿ.

ಬೆಳಕು ನಿಜವಾಗ್ಲೂ ಬದಲಾಗೋದೂ ಉಂಟು. ಮೋಡ ಅಡ್ಡ ಬಂದಾಗ, ಹಕ್ಕಿ ಸೂರ್ಯನ ಕಡೆಗೆ ತಿರುಗಿದಾಗ, ತಲೆ ಮೇಲೆ ಬಂದು ನೆರಳಿನ ಹೊಟ್ಟೆ ತೋರಿಸಿದಾಗ. ಹೊಟ್ಟೆಗೆ ಮೂರ್ನಾಲ್ಕು ಕ್ಲಿಕ್ ಜಾಸ್ತಿ ಮಾಡಿ, ಆಕಾಶ ಬೆಳ್ಳಗಾದ್ರೆ ಆಗಲಿ ಬಿಡಿ.

ಸರಿ, ಇನ್ನು ಕ್ಯಾಮೆರಾ ಬಾಳಿಕೆ ವಿಷಯ. ಇಷ್ಟು ಹೊತ್ತು ಹೇಳಿದ್ದಕ್ಕೂ ಅದಕ್ಕೂ ಏನು ಸಂಬಂಧ? ಎಕ್ಸ್‌ಪೋಶರ್ ಅಂದ್ರೆ ಈ ಬೆಳಕಿನ ಲೆಕ್ಕದ ಮೇಲೆ ನಂಬಿಕೆ ಇಲ್ಲದವರು "ಯಾವುದಾದ್ರೂ ಒಂದು ಸರಿ ಬರಲಿ" ಅಂತ ಬರ್ಸ್ಟಲ್ಲಿ (ಒಂದರ ಹಿಂದೆ ಒಂದು ಫೋಟೊ) ಗುಂಡಿ ಒತ್ತಿ ಹಿಡೀತಾರೆ. ನಿಕಾನ್ ಡಿ850 ತಗೊಳ್ಳಿ. ಕಂಪನಿ ಹೇಳೋ ಶಟರ್ ಬಾಳಿಕೆ 2 ಲಕ್ಷ ಫ್ರೇಮ್, ವೇಗ ಸೆಕೆಂಡಿಗೆ 7. ಭಾಗಿಸಿ ನೋಡಿ: ಬೆರಳು ಎತ್ತದೆ ಒತ್ತಿದ್ರೆ ಸುಮಾರು 8 ಗಂಟೆ. ಬರೀ ಒಂದು ಶಿಫ್ಟು! ಆ 2 ಲಕ್ಷ ಅನ್ನೋದು ಎಕ್ಸ್‌ಪೈರಿ ಡೇಟ್ ಅಲ್ಲ, ಗ್ಯಾರಂಟಿನೂ ಅಲ್ಲ. ಮುಂಚೆ ಹೋಗಬಹುದು, ದಾಟಿ ಎರಡರಷ್ಟೂ ಓಡಬಹುದು. ಸೆಕೆಂಡ್ ಹ್ಯಾಂಡ್ ಬಾಡಿ ಕೊಳ್ಳೋವಾಗ ಮಾತ್ರ ಶಟರ್ ಕೌಂಟ್ ಕೇಳದೆ ದುಡ್ಡು ಕೊಡಬೇಡಿ. ಹಕ್ಕಿ ತೆಗೆದವರ ಬಾಡಿ ಹೊರಗೆ ಲಕಲಕ ಅಂತಿದ್ರೂ ಒಳಗೆ ಮುದುಕ ಆಗಿರುತ್ತೆ.

"ಎಲೆಕ್ಟ್ರಾನಿಕ್ ಶಟರ್ ಇದೆಯಲ್ಲ, ಸವೆಯೋದೇ ಇಲ್ಲ" ಅಂತೀರಾ? ನಿಜ. ಆದ್ರೆ ಅದರಲ್ಲಿ ಚಿತ್ರ ಹಿಡಿಯೋ ಸೆನ್ಸಾರ್ ಮೇಲಿಂದ ಕೆಳಕ್ಕೆ ಸಾಲುಸಾಲಾಗಿ ಓದುತ್ತೆ. ಪೂರ್ತಿ ಓದೋಕೆ 1/30 ಸೆಕೆಂಡ್ ಬೇಕಾದ್ರೆ, ಸೆಕೆಂಡಿಗೆ 10 ಮೀಟರ್ ಹೋಗೋ ಹಕ್ಕಿ ಅಷ್ಟರಲ್ಲಿ 33 ಸೆಂಟಿಮೀಟರ್ ಮುಂದೆ ಹೋಗಿರುತ್ತೆ. ನೀವು ಹಕ್ಕಿ ಜೊತೆಗೇ ಕ್ಯಾಮೆರಾ ತಿರುಗಿಸಿ (ಪ್ಯಾನ್ ಮಾಡಿ) ಅದರ ಮೈಯನ್ನ ಹಿಡಿದಿಟ್ರೂ ಬಡಿಯೋ ರೆಕ್ಕೆ ಬಾಳೆಲೆ ಥರ ಬಾಗುತ್ತೆ, ಹಿಂದಿನ ಮರ ವಾಲುತ್ತೆ. ಶಟರ್ 1/4000 ಇಟ್ರೂ ಇದು ತಪ್ಪಲ್ಲ. 2021ರ ನಿಕಾನ್ ಝಡ್9ರಲ್ಲಿ ಮೆಕ್ಯಾನಿಕಲ್ ಶಟರೇ ಇಲ್ಲ, ಅದರ ಸೆನ್ಸಾರ್ ಅಷ್ಟು ವೇಗವಾಗಿ ಓದುತ್ತೆ. 2023ರ ಸೋನಿ ಎ9 3 ಇಡೀ ಸೆನ್ಸಾರನ್ನ ಒಂದೇ ಸಲಕ್ಕೆ ಓದುತ್ತೆ. ಬೆಲೆ ಹೇಳಿ ನಿಮ್ಮ ಮೂಡ್ ಹಾಳು ಮಾಡಲ್ಲ. ಸಾಮಾನ್ಯ ಬಾಡಿ ಇದ್ರೆ ಕೂತ ಹಕ್ಕಿಗೆ ಎಲೆಕ್ಟ್ರಾನಿಕ್, ಹಾರೋದಕ್ಕೆ ಮೆಕ್ಯಾನಿಕಲ್.

ಟೈಮ್ ಆಯ್ತು, ಉಳಿದದ್ದು ಗಡಿಬಿಡಿಯಲ್ಲಿ. ದೊಡ್ಡ ಲೆನ್ಸ್ ಹಾಕಿರೋವಾಗ ಬಾಡಿ ಹಿಡಿದು ಎತ್ತಬೇಡಿ, ಲೆನ್ಸ್ ಕೂರೋ ಮೌಂಟ್ ಮೇಲೆ ಭಾರ ಬೀಳುತ್ತೆ. ಪಟ್ಟಿನೂ ಲೆನ್ಸಿನ ಕಾಲಿಗೇ, ಅಂದ್ರೆ ಟ್ರೈಪಾಡಿಗೆ ಕೂರಿಸೋ ಭಾಗಕ್ಕೇ ಹಾಕಿ, ಆ ಕಾಲಿನ ಸ್ಕ್ರೂ ಆಗಾಗ ಬಿಗಿ ಮಾಡಿ. ಎಸಿ ಕಾರಿಂದ ಇಳಿದ ತಕ್ಷಣ ಬ್ಯಾಗ್ ತೆಗೀಬೇಡಿ, ತಣ್ಣಗಿರೋ ಗಾಜಿನ ಮೇಲೆ ಹನಿ ಕಟ್ಟುತ್ತೆ. ಅರ್ಧ ಗಂಟೆ ಬ್ಯಾಗ್ ಮುಚ್ಚಿಯೇ ಇರಲಿ. ಮಲೆನಾಡಿನವರು ಮಳೆಗಾಲದಲ್ಲಿ ಲೆನ್ಸನ್ನ ಬೀರುವಿನಲ್ಲಿ ಬಟ್ಟೆ ನಡುವೆ ಇಟ್ರೆ ಫಂಗಸ್ ಗ್ಯಾರಂಟಿ. ಗಾಳಿಯಾಡದ ಡಬ್ಬ, ಸಿಲಿಕಾ ಜೆಲ್, ತೇವಾಂಶ ಶೇಕಡಾ ನಲವತ್ತರಿಂದ ಐವತ್ತರೊಳಗೆ.

ಕೊನೆಗೆ ಒಂದು: ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ ಕ್ಯಾಮೆರಾ) ಇರೋವ್ರು ದೋಣಿಯಲ್ಲಿ ಅದನ್ನ ತೊಡೆ ಮೇಲೆ ಆಕಾಶಕ್ಕೆ ಮುಖ ಮಾಡಿ ಇಟ್ಕೋಬೇಡಿ. ಚಿಕ್ಕಂದಿನಲ್ಲಿ ಭೂತಕನ್ನಡಿ ಹಿಡಿದು ಕಾಗದ ಸುಟ್ಟಿದ್ದೀರಲ್ಲ, ಇಲ್ಲಿ ಕಾಗದದ ಜಾಗದಲ್ಲಿ ಸೆನ್ಸಾರ್ ಇದೆ. ಹಕ್ಕಿ ಇಲ್ಲದಾಗ ಕ್ಯಾಪ್ ಹಾಕಿ.

[ತೆರೆ ಮೇಲೆ: ಕ್ಯಾಪ್ ಹಾಕುವ ಕೈ. ಕಟ್.]