ಎಲ್ಲ ಟೆಸ್ಟೂ ಎಲ್ಲ ಕಡೆ ಬೇಡ

ಕೇಳುಗರಿಗೆ ನಮಸ್ಕಾರ. ಮಡಿಕೇರಿಯ ಮನೆಯಲ್ಲೇ ಕೂತು ಸಾಫ್ಟ್‌ವೇರ್ ಕೆಲಸ ಮಾಡುವವಳು ನಾನು. ತೋಟದವರು ಮಳೆ ಲೆಕ್ಕ, ಕುಯ್ಲಿನ ಲೆಕ್ಕ ಬರೆದಿಡಲು ನಮ್ಮ ತಂಡ ಒಂದು ಪುಟ್ಟ ಸಾಫ್ಟ್‌ವೇರ್ ಮಾಡುತ್ತಿದೆ. ಅದು ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡಬೇಕು. ಹಾಗಾಗಿ ಒಂದು ಸಾಲು ಕೋಡ್ ತಿದ್ದಿದರೂ, ಎಲ್ಲ ಸರಿಯಾಗಿದೆಯಾ ಅಂತ ತಾವೇ ನೋಡುವ ಪುಟ್ಟ ಪ್ರೋಗ್ರಾಂಗಳು, ಅಂದ್ರೆ ಟೆಸ್ಟ್‌ಗಳೆಲ್ಲ ಮೂರು ಕಡೆ ಓಡಿ ಮುಗಿಯುವ ತನಕ ಕಾಯಬೇಕಿತ್ತು. ಜುಲೈ ಮಳೆಯಲ್ಲಿ ಕರೆಂಟ್ ಯಾವಾಗ ಹೋಗುತ್ತೋ ಗೊತ್ತಿಲ್ಲ. ಈ ಕಾಯುವಿಕೆ ನನಗೆ ಸಾಕಾಗಿ ಹೋಗಿತ್ತು.

ಮೊದಲು ಕಣ್ಣಿಗೆ ಬಿದ್ದದ್ದು ಸ್ಲೀಪ್, ಅಂದ್ರೆ ಇಷ್ಟು ಹೊತ್ತು ನಿಲ್ಲು ಅನ್ನುವ ಆದೇಶ. ಪರದೆ ತೆರೆದುಕೊಳ್ಳಲಿ ಅಂತ ಟೆಸ್ಟ್ 5 ಸೆಕೆಂಡು ಸುಮ್ನೆ ನಿಲ್ಲುತ್ತೆ. 300 ಟೆಸ್ಟ್ ಹೀಗೆ ನಿಂತರೆ 25 ನಿಮಿಷ ಹೋಯಿತು, ಅದೂ ಒಂದೊಂದು ಯಂತ್ರದಲ್ಲಿ! ಪರದೆ ಬಂತಾ ಅಂತ ಆಗಾಗ ನೋಡಿ, ಬಂದ ಕೂಡಲೇ ಮುಂದೆ ಹೋಗುವ ಹಾಗೆ ಬರೆಯಿರಿ.

ಇನ್ನು ದೊಡ್ಡ ಪ್ರಶ್ನೆ. ಯಾವ ಟೆಸ್ಟ್ ಮೂರು ಕಡೆ ಓಡಬೇಕು? ಒಂದು ಇಂಚು ಮಳೆ ಅಂದರೆ 25.4 ಮಿಲಿಮೀಟರ್, ಆ ಗುಣಾಕಾರ ಎಲ್ಲಿ ಮಾಡಿದರೂ ಒಂದೇ, ಅದಕ್ಕೆ ಲಿನಕ್ಸ್ ಒಂದೇ ಸಾಕು. ಆದರೆ ಫೈಲ್ ಹೆಸರು ಅಂದ್ರೆ ಹುಷಾರಾಗಿರಬೇಕು. 'ಕೊಡಗು' ಅನ್ನುವ ಪದವನ್ನೇ ನೋಡಿ. 'ಕೊ' ಅಕ್ಷರದ ಒತ್ವವನ್ನು ಕಂಪ್ಯೂಟರ್ ಒಂದೇ ಸಂಕೇತವಾಗಿಯೂ ಇಡಬಹುದು, ಎತ್ವ ಮತ್ತು ಕೊಂಬಿನ ದೀರ್ಘ ಅಂತ ಎರಡು ತುಂಡು ಮಾಡಿಯೂ ಇಡಬಹುದು, ಕಣ್ಣಿಗೆ ಮಾತ್ರ ಎರಡೂ ಒಂದೇ. ಮ್ಯಾಕ್‌ಗಳಿಗೆ 2017ರಲ್ಲಿ ಹೊಸ ಫೈಲ್ ವ್ಯವಸ್ಥೆ ಬಂತು. ಅದಕ್ಕೂ ಮುಂಚಿನದು ಹೆಸರನ್ನು ತುಂಡು ಮಾಡಿಯೇ ಇಡುತ್ತಿತ್ತು. ಲಿನಕ್ಸ್‌ಗೆ ಅವು ಬೇರೆ ಬೇರೆ ಹೆಸರು, ಒಂದು ರೂಪದಲ್ಲಿ ಇಟ್ಟದ್ದನ್ನು ಇನ್ನೊಂದು ರೂಪದಲ್ಲಿ ಕೇಳಿದರೆ ಆ ಫೈಲೇ ಇಲ್ಲ ಅನ್ನುತ್ತೆ. ಇಂಥ ಟೆಸ್ಟನ್ನು ಯಾವ ಕಾರಣಕ್ಕೂ ಬಿಡಬೇಡಿ, ಮೂರೂ ಕಡೆ ಓಡಿಸಿ.

ಹೀಗೆ ಬೇರ್ಪಡಿಸಿದ್ದರಿಂದ ಜಾಸ್ತಿ ಲಾಭ ಆಗಿದ್ದು ಮ್ಯಾಕ್‌ನಲ್ಲಿ. ಆಪಲ್‌ನ ಷರತ್ತಿನ ಪ್ರಕಾರ ಮ್ಯಾಕ್‌ಓಎಸ್ ಓಡಬೇಕಾದ್ದು ಆಪಲ್ ಯಂತ್ರದ ಮೇಲೇ. ಲಿನಕ್ಸ್ ಕಂಟೇನರ್, ಅಂದ್ರೆ ಒಂದೇ ಯಂತ್ರದೊಳಗೆ ಬೇರೆ ಬೇರೆಯಾಗಿ ಓಡುವ ಪುಟ್ಟ ಡಬ್ಬಿಗಳು, ಆದರೆ ಬೇಕಾದಷ್ಟು ಎಬ್ಬಿಸಬಹುದು, ಮ್ಯಾಕ್ ಹಾಗಲ್ಲ, ಸರದಿಯಲ್ಲಿ ಕಾಯಲೇಬೇಕು. ವಿಂಡೋಸ್‌ನ ತೊಂದರೆ ಬೇರೆ. ಅಲ್ಲಿ ಹೊಸ ಪ್ರೋಸೆಸ್, ಅಂದ್ರೆ ಓಡುವ ಪ್ರೋಗ್ರಾಂ, ಶುರುವಾಗುವುದೇ ನಿಧಾನ, ಮೇಲೆ ಟೆಸ್ಟ್ ಹುಟ್ಟಿಸುವ ಪುಟ್ಟ ಪುಟ್ಟ ಫೈಲನ್ನೆಲ್ಲ ಆಂಟಿವೈರಸ್ ತಡವಿ ನೋಡುತ್ತೆ. ಹಾಗಾಗಿ ಫೈಲ್ ಕಡಿಮೆ ಮಾಡಿ, ಒಂದು ಪ್ರೋಸೆಸ್‌ನಲ್ಲೇ ಹತ್ತಾರು ಟೆಸ್ಟ್ ಮುಗಿಸಿ.

ಉಳಿದಿದ್ದು ಹಂಚಿಕೆ. ಕಾಫಿ ಕುಯ್ಯುವಾಗ ಎಲ್ಲರಿಗೂ ಇಷ್ಟಿಷ್ಟು ಗಿಡ ಅಂತ ಹಂಚಿಬಿಟ್ಟರೆ, ಹಣ್ಣು ಜಾಸ್ತಿ ಇರುವ ಸಾಲು ಸಿಕ್ಕವರಿಗೋಸ್ಕರ ಸಂಜೆ ತೂಕದ ಹೊತ್ತಿಗೆ ಎಲ್ಲರೂ ಕಾಯಬೇಕು, ಅಲ್ವಾ? ಟೆಸ್ಟೂ ಅಷ್ಟೇ. ಯಂತ್ರಗಳಿಗೆ ಎಣಿಕೆ ನೋಡಿ ಹಂಚಬೇಡಿ. ಹಿಂದಿನ ಸಲ ಯಾವುದಕ್ಕೆ ಎಷ್ಟು ಹೊತ್ತು ಹಿಡಿಯಿತು ನೋಡಿ, ಉದ್ದದ್ದನ್ನು ಮೊದಲು ಕೊಡಿ, ಕೆಲಸ ಮುಗಿಸಿದ ಯಂತ್ರ ಮುಂದಿನದನ್ನು ತಾನೇ ಎತ್ತಿಕೊಳ್ಳಲಿ.

ಎಲ್ಲ ಟೆಸ್ಟನ್ನೂ ಮೂರೂ ಕಡೆ ದಿನಕ್ಕೊಮ್ಮೆ ಓಡಿಸುತ್ತೇವೆ, ಅದು ರಾತ್ರಿ, ನಾವು ಮಲಗಿದ ಮೇಲೆ. ನಮಸ್ಕಾರ.