ಹಳೆಯ ಪ್ರಗತಿಪತ್ರ ತನ್ನಿ

ಕೇಳುಗರಿಗೆ ನಮಸ್ಕಾರ. ಎಡಿಎಚ್‌ಡಿ ಎಂದರೆ ಗಮನ ಒಂದೆಡೆ ನಿಲ್ಲದ, ಚಡಪಡಿಕೆ ತಣಿಯದ ತೊಂದರೆ. ಇದು ಮಕ್ಕಳಿಗೆ ಮಾತ್ರ ಎಂದುಕೊಂಡವರೇ ಹೆಚ್ಚು. ಮಕ್ಕಳನ್ನು ಹೆತ್ತವರಿಗೂ ಇರುತ್ತದೆ. ನಾನು ಹೇಳಬೇಕಾದದ್ದು ಒಂದೇ: ಮನೋವೈದ್ಯರ ಬಳಿ ಬರುವಾಗ ನಿಮ್ಮ ಬಾಲ್ಯವನ್ನೂ ಹಿಡಿದುಕೊಂಡು ಬನ್ನಿ.

ಈ ತೊಂದರೆ ರಕ್ತಪರೀಕ್ಷೆಯಲ್ಲಿ ಸಿಗುವುದಿಲ್ಲ, ಸ್ಕ್ಯಾನಿನಲ್ಲೂ ಸಿಗುವುದಿಲ್ಲ. 12 ವರ್ಷದೊಳಗೇ ಅದರ ಗುರುತು ಕಾಣಿಸಿತ್ತೇ, ಮನೆ ಶಾಲೆ ಎರಡೂ ಕಡೆ ಕಾಣಿಸಿತ್ತೇ ಎಂದು ಕೇಳಿ ತಿಳಿಯಬೇಕು.

ಜಯನಗರದಿಂದ 34 ವರ್ಷದ ಹೆಣ್ಣುಮಗಳೊಬ್ಬರು ಬಂದಿದ್ದರು. ಒಲೆಯ ಮೇಲೆ ಹಾಲಿಟ್ಟು ಮರೆತು ಪಾತ್ರೆಗಳು ಸೀದಿದ್ದವು. ಕೈಯಲ್ಲಿ ದುಡ್ಡಿದ್ದೂ ಬಿಲ್ ಕಟ್ಟದೆ ಮನೆಯ ಫ್ಯೂಸ್ ಕಿತ್ತುಹೋಗಿತ್ತು. "ನಾನು ಸೋಮಾರಿ, ಡಾಕ್ಟರೇ" ಎಂದರು. ಮುಂದಿನ ಸಲ ಅಮ್ಮನನ್ನು ಕರೆದುಕೊಂಡು ಬನ್ನಿ ಎಂದೆ. ಆ ತಾಯಿ ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಿ ತಂದರು. ಒಳಗೆ ಒಂದನೇ ತರಗತಿಯಿಂದ ಹತ್ತನೆಯವರೆಗಿನ ಪ್ರಗತಿಪತ್ರಗಳು, ರಬ್ಬರ್ ಬ್ಯಾಂಡ್ ಕರಗಿ ಅಂಟಿಕೊಂಡಿತ್ತು. ಮೂರನೇ ತರಗತಿಯದರಲ್ಲಿ ಕೆಂಪು ಶಾಯಿ: "ಬುದ್ಧಿವಂತೆ. ಕಿಟಕಿಯಾಚೆ ನೋಡುತ್ತಾ ಕೂರುತ್ತಾಳೆ." ಐದನೆಯದರಲ್ಲೂ ಅದೇ ದೂರು, ಬೇರೆ ಕೈಬರಹ. "ವಾರಕ್ಕೊಂದು ಪೆನ್ಸಿಲ್ ಡಬ್ಬಿ ಕಳೆಯುತ್ತಿದ್ದಳು, ಹೊಡೆದೂ ನೋಡಿದೆ" ಎಂದ ತಾಯಿ ಮಗಳ ಕೈ ಹಿಡಿದುಕೊಂಡರು. ಮಗಳು ಆ ಕೆಂಪು ಸಾಲನ್ನು ಮತ್ತೆ ಮತ್ತೆ ಓದಿದರು. ಬೆಂಚು ಹತ್ತಿ ಕುಣಿಯುವ ಹುಡುಗ ಎಲ್ಲರ ಕಣ್ಣಿಗೂ ಬೀಳುತ್ತಾನೆ. ಕಿಟಕಿ ನೋಡುವ ಹುಡುಗಿಯನ್ನು ಯಾರೂ ಕರೆತರುವುದಿಲ್ಲ.

ಮೊಬೈಲಿನಲ್ಲಿ ಹತ್ತು ಪ್ರಶ್ನೆಗೆ ಉತ್ತರಿಸಿ, "ಮಾತ್ರೆ ಬರೆದುಕೊಡಿ" ಎಂದು ಬರುವವರಿದ್ದಾರೆ. ದಯವಿಟ್ಟು ಕೂತು ಮಾತನಾಡಿ. ನಿದ್ದೆಗೇಡು, ಆತಂಕ, ಥೈರಾಯ್ಡ್ ಕೂಡ ಗಮನ ಕೆಡಿಸುತ್ತವೆ. ಬಾಲ್ಯ ತಿಳಿದರೆ ತಾನೇ ಬೇರ್ಪಡಿಸಲು ಸಾಧ್ಯ?

ಇನ್ನು ಚಿಕಿತ್ಸೆ. ಮೀಥೈಲ್‌ಫೆನಿಡೇಟ್ ಮಾತ್ರೆಯನ್ನು ಕಡಿಮೆ ಪ್ರಮಾಣದಲ್ಲಿ ಶುರು ಮಾಡಿ, ನಾಡಿ, ರಕ್ತದೊತ್ತಡ, ತೂಕ ನೋಡಿಕೊಂಡು ಹೆಚ್ಚಿಸುತ್ತೇವೆ. ಕೆಲವರಿಗೆ ಅಟೊಮಾಕ್ಸೆಟಿನ್ ಎಂಬ ಇನ್ನೊಂದು ಔಷಧಿ ಒಗ್ಗುತ್ತದೆ. ಹಸಿವು ಕುಗ್ಗಿದರೆ, ನಿದ್ದೆ ಬಾರದಿದ್ದರೆ ನಮಗೆ ಹೇಳಿ, ನೀವಾಗಿಯೇ ನಿಲ್ಲಿಸಬೇಡಿ. ಬೇರೆಯವರ ಮಾತ್ರೆಯನ್ನು ಮುಟ್ಟಲೇಬೇಡಿ. ದಿನಚರಿ ಕಟ್ಟಿಕೊಳ್ಳುವುದನ್ನು ಆಪ್ತಸಲಹೆಗಾರರು ಕಲಿಸುತ್ತಾರೆ.

ನಮ್ಮ ಬೆಂಗಳೂರಿನಲ್ಲಿ ಹೊಸೂರು ರಸ್ತೆಯ ನಿಮ್ಹಾನ್ಸ್ ಆಸ್ಪತ್ರೆ ಇದೆ. ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಉಚಿತ, ಹಗಲು ರಾತ್ರಿ, ಕನ್ನಡದಲ್ಲೇ ಮಾತನಾಡಬಹುದು. ಹೊರಡುವ ಮುನ್ನ ಅಟ್ಟದ ಮೇಲಿನ ಆ ಡಬ್ಬಿಯನ್ನು ಕೆಳಗಿಳಿಸಿ. ನಮಸ್ಕಾರ.